ಓ.ವಿ. ಎಂದು ಗೀಚಿದ ಹೂದಾನಿ

ಝೇನ್ಸ್‌ವಿಲ್ ಊರಿನ ಹೂದಾನಿಗಳಿಗೆ ಮರ್ಯಾದೆ ಬಂದದ್ದು ಅವನ್ನು ಮಾಡುವ ಕಾರ್ಖಾನೆಗಳೆಲ್ಲ ಬಾಗಿಲು ಹಾಕಿದ ಮೇಲೆ. ಅದಕ್ಕೆ ಮುಂಚೆ, ಆವಿಗೆಯಲ್ಲಿ ಸೊಟ್ಟಗಾದವನ್ನು ಕೆಲಸದವರು ಮನೆಗೆ ಒಯ್ದು ಕೋಳಿಗೆ ನೀರಿಡುತ್ತಿದ್ದರು. ಈಗ ನೋಡಿ, ಎಲ್ಲೆಲ್ಲಿಂದಲೋ ಕಾರು ಹಾಕಿಕೊಂಡು ಬಂದ ಸಂಗ್ರಾಹಕರು ಅವನ್ನೇ ತಲೆಕೆಳಗು ಮಾಡಿ ಭೂತಗನ್ನಡಿ ಹಿಡಿಯುತ್ತಾರೆ! ಎಪ್ಪತ್ತೆಂಟರ ಲೆಟಿ ಹಾಫ್‌ಮನ್‌ಗೆ ಇದನ್ನು ಕಂಡರೆ ನಗು.

ಹದಿನೇಳಕ್ಕೆ ಅವಳು ಕಾರ್ಖಾನೆ ಸೇರಿದ್ದಳು. ಉದ್ದನೆಯ ಬೆಂಚು, ದೊಡ್ಡ ಕಿಟಕಿ, ಒದ್ದೆ ಮಣ್ಣಿನ ವಾಸನೆ. ಎಂಥ ದಿನಗಳವು! ಹುಡುಗಿಯರು ಹಸಿ ಹೂದಾನಿಯ ಮೇಲೆ ಬಣ್ಣ ಬೆರೆಸಿದ ತೆಳು ಮಣ್ಣಿನಲ್ಲಿ ಹೂ ಬರೆದು, ತಳದಲ್ಲಿ ಮೊಳೆಯಿಂದ ತಮ್ಮ ಇನಿಷಿಯಲ್ ಗೀಚುತ್ತಿದ್ದರು. ಯಾರ ಕೆಲಸ ಯಾವುದೆಂದು ಮೇಸ್ತ್ರಿಗೆ ತಿಳಿಯುತ್ತಿದ್ದುದು ಅದರಿಂದಲೇ. ಲೆಟಿಯ ಪಕ್ಕದಲ್ಲಿ ಓಪಲ್ ವಾನ್ಸ್, ನಗಿಸಿ ನಗಿಸಿ ಎಲ್ಲರ ಗೆರೆ ಕೆಡಿಸುವ ಮಾತಿನಮಲ್ಲಿ. ಗಂಡ ತೀರಿಕೊಂಡ ವರ್ಷ ಅವಳ ಕೈ ನಡುಗಲು ಶುರುವಾಯಿತು. ಮಡಿಲಲ್ಲಿ ಹಸುಗೂಸು, ಕೆಲಸ ಹೋದರೆ ಗತಿಯೇನು? ಊಟದ ಹೊತ್ತಿನಲ್ಲಿ ಮೇಸ್ತ್ರಿ ಆಚೆ ಹೋದಾಗ ಲೆಟಿ ಅವಳ ಪಾಲಿನವನ್ನೂ ಬರೆದು, ಓ.ವಿ. ಎಂದು ಗೀಚತೊಡಗಿದಳು. ಒಂದು ದಿನವಲ್ಲ, ಮೂರು ವರ್ಷ. ಸಿಕ್ಕಿಬೀಳುವ ಭಯಕ್ಕೆ ಅವನ್ನು ಜೀವ ತೇದು ಬರೆಯುತ್ತಿದ್ದಳು, ತನ್ನವನ್ನು ಆಮೇಲೆ ಗಡಿಬಿಡಿಯಲ್ಲಿ ಮುಗಿಸುತ್ತಿದ್ದಳು.

"ಸ್ವಲ್ಪ ಕೆಟ್ಟದಾಗಿ ಬರಿಯೇ ಮಾರಾಯ್ತಿ, ನನಗೆ ಬಡ್ತಿ ಕೊಟ್ಟುಬಿಟ್ಟಾರು!" ಎಂದು ಓಪಲ್ ನಗುತ್ತಿದ್ದಳು.

ಓಪಲ್ ತೀರಿಹೋಗಿ ಎಷ್ಟೋ ಕಾಲವಾಯಿತು. ಈ ಜುಲೈಯಲ್ಲಿ ಚರ್ಚಿನ ಹಾಲ್‌ನಲ್ಲಿ ಸಂಗ್ರಾಹಕರು ಸೇರಿದಾಗ, ಅವಳ ಮಗಳು ಮಾರ್ಜಿ ಅಮ್ಮನ ಐರಿಸ್ ಹೂವಿನ ಹೂದಾನಿ ಹಿಡಿದು ಲೆಟಿಯ ಜೊತೆ ಬಂದಿದ್ದಳು. ಈ ಹೂದಾನಿಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದ ಬ್ರಿಗ್ಸ್ ಎಂಬಾತ ಅದರ ತಳ ನೋಡಿ ಕುಣಿದಾಡಿಬಿಟ್ಟ.

"ಓ.ವಿ.! ಆ ಕಾರ್ಖಾನೆಯಲ್ಲಿ ನಿಜವಾದ ಕಲಾವಿದೆ ಅಂದ್ರೆ ಇವರೊಬ್ರೇ. ಎಲ್.ಎಚ್. ಅಂತ ಇನ್ನೊಬ್ರಿದ್ರು, ಪರವಾಗಿಲ್ಲ, ಅವಸರದ ಕೈ."

ಲೆಟಿಗೆ ಮೈಯೆಲ್ಲ ಉರಿಯಿತು. "ಆ ಎಲ್.ಎಚ್. ನಾನೇ ಕಣಪ್ಪಾ."

ಬ್ರಿಗ್ಸ್‌ನ ಮುಖ ಕೆಂಪಾಯಿತು. "ಕ್ಷಮಿಸಿ ಅಮ್ಮಾ. ಹಾಗಾದ್ರೆ ಇದನ್ನ ಓಪಲ್ ಬರೆದದ್ದು ನೀವು ಕಣ್ಣಾರೆ ನೋಡಿದ್ದೀರಾ? ಪುಸ್ತಕದಲ್ಲಿ ಹಾಕ್ಬೇಕು."

ಒಂದು ಮಾತು ಆಡಿದ್ದರೆ ಆ ಪುಟ ಲೆಟಿಯದಾಗುತ್ತಿತ್ತು. ಆಸೆಯಾಗಲಿಲ್ಲವೇ? ತುಂಬಾ ಆಯಿತು. ಆದರೆ ಎದುರಿಗೆ ಮಾರ್ಜಿ ನಿಂತಿದ್ದಳು.

"ನೋಡಿದ್ದೀನಿ," ಎಂದಳು ಲೆಟಿ. "ಒಂದೊಂದು ಎಸಳೂ ಓಪಲ್‌ದೇ. ಬರ್ಕೊಳ್ಳಿ."

ಆತ ಬರೆದುಕೊಂಡ. ಲೆಟಿ, ಮಾರ್ಜಿ ಇಬ್ಬರೂ ಹೊರಗೆ ಕಾರಿನ ಹತ್ತಿರ ಬಂದರು. ಮಾರ್ಜಿ ಬಾಗಿಲು ತೆಗೆಯದೆ ನಿಂತಳು.

"ಲೆಟಿ ಆಂಟಿ, ಅಮ್ಮ ಯಾವತ್ತೂ ನನಗೆ ಬಟ್ಟಲು ತುಂಬ ಸೂಪ್ ಕೊಟ್ಟವಳಲ್ಲ. ಅರ್ಧ ಹಾಕಿದ್ರೂ ಮೇಜಿಗೆ ಬರೋ ಹೊತ್ತಿಗೆ ಚೆಲ್ಲಿರ್ತಿತ್ತು."

ಲೆಟಿ ತಾನೇ ಕಾರಿನ ಬಾಗಿಲಿಗೆ ಕೈ ಹಾಕಿದಳು.

"ಒಳಗೆ ಹೋಗಿ ನಿಜ ಹೇಳ್ಲಾ?"

"ಬಾಯ್ಮುಚ್ಚೇ! ಅವಸರದ ಕೈ ಅನ್ನಿಸಿಕೊಂಡದ್ದಾಯ್ತು, ಈ ವಯಸ್ಸಲ್ಲಿ ಸುಳ್ಳುಬುರುಕಿ ಅಂತಲೂ ಅನ್ನಿಸ್ಬೇಡ," ಎಂದು ಗದರಿದ ಲೆಟಿ, ಮಾರ್ಜಿಯ ಹೆಗಲಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.