ಪಕ್ಕದ ಮನೆ ಹುಡುಗಿಯ ಐದು ವಿಡಿಯೋಗಳು

ಕಳೆದ ತಿಂಗಳು ಹ್ಯಾಲೋವೀನ್ ಕ್ಯಾಂಡಿ ತರೋಣವೆಂದು ಮನೆ ಹತ್ತಿರದ ಅಂಗಡಿಗೆ ಹೋಗಿದ್ದೆ. ವೇಷಗಳ ಸಾಲಿನಲ್ಲಿ ನಕಲಿ ರಕ್ತದ ಬಾಟಲಿಯೊಂದರ ಮುಚ್ಚಳ ಸಡಿಲಾಗಿ, ಕೆಂಪು ದ್ರವ ಶೆಲ್ಫಿನಿಂದ ನೆಲಕ್ಕೆ ಎಳೆಎಳೆಯಾಗಿ ಇಳಿಯುತ್ತಿತ್ತು. ಬಾಟಲಿಯನ್ನು ನೆಟ್ಟಗೆ ನಿಲ್ಲಿಸಲು ಹೋದೆ, ಕೈಗೆಲ್ಲ ಮೆತ್ತಿಕೊಂಡಿತು. ಕಾರ್ನ್ ಸಿರಪ್ಪಿನ ಮಂದವಾದ ಸಿಹಿ ವಾಸನೆ. ಒರೆಸಿಕೊಳ್ಳಲು ಟಿಶ್ಯೂ ಹುಡುಕುತ್ತಿದ್ದವಳು ಹಾಗೇ ನಿಂತುಬಿಟ್ಟೆ... ಕ್ಯಾಂಡಿ ತೆಗೆದುಕೊಳ್ಳದೆ ಹೊರಗೆ ಬಂದು ಕಾರಿನಲ್ಲಿ ಕುಳಿತೆ.

ಆ ವಾಸನೆಯನ್ನು ನನಗೆ ಪರಿಚಯಿಸಿದವಳು ಪಕ್ಕದ ಮನೆಯ, ಆಗ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ. ಶಿಕಾಗೋ ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ನಮ್ಮದೂ ಅವರದೂ ಒಂದಕ್ಕೊಂದು ಅಂಟಿಕೊಂಡ ಟೌನ್‌ಹೌಸ್‌ಗಳು. ಅವಳ ತಾಯಿ ಮೈಸೂರಿನವರು, ಡೆಸ್ ಪ್ಲೇನ್ಸ್‌ನ ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರು. ತಂದೆ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ನಾನು ಬೆಂಗಳೂರಿನ ಟಿವಿ ಚಾನೆಲ್ ಒಂದರಲ್ಲಿ ಎಡಿಟರ್ ಆಗಿದ್ದು, ಇಲ್ಲಿಗೆ ಬಂದ ಮೇಲೆ ಇಟಾಸ್ಕಾದ ಕಂಪನಿಯೊಂದಕ್ಕೆ ಟ್ರೈನಿಂಗ್ ವಿಡಿಯೋಗಳನ್ನು ಎಡಿಟ್ ಮಾಡುತ್ತಿದ್ದೆ. ಅದು ತಿಳಿದ ದಿನದಿಂದ ಆ ಹುಡುಗಿ ನನ್ನ ಬೆನ್ನು ಬಿಡಲಿಲ್ಲ.

ಮೊದಲನೆಯ ವಿಡಿಯೋವನ್ನು ನಾನೇ ಎಡಿಟ್ ಮಾಡಿಕೊಟ್ಟೆ. ಅವರ ಹಿತ್ತಲಿನ ಹುಲ್ಲಿನ ಮೇಲೆ ಅಮ್ಮನ ಹಸಿರು ರೇಷ್ಮೆ ಸೀರೆ ಉಟ್ಟು, ತಾನೇ ಕಟ್ಟಿದ ಹಾಡನ್ನು ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಹಾಡಿದ್ದಳು. ಅದು ಶಿಕಾಗೋ ಸುತ್ತಮುತ್ತಲ ಕನ್ನಡದವರ ಎಲ್ಲಾ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಆಂಟಿಯರು ಅಂಗಡಿಯಲ್ಲಿ ಅವಳನ್ನು ಹಿಡಿದು ನಿಲ್ಲಿಸಿ ಕೆನ್ನೆ ಹಿಂಡಿದರು. "ನಮ್ಮ ಮನೆ ಮಗು ಥರ ಇದ್ದಾಳೆ" ಎಂದರು.

ಎರಡನೆಯದರಲ್ಲಿ ಅದೇ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಮೇಲೆ ಲೆದರ್ ಜಾಕೆಟ್ ಹಾಕಿ, ಮಾಲ್‌ನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಕುಣಿದಳು. ಕಾಲೇಜು ಹುಡುಗ ಹುಡುಗಿಯರು ಹುಚ್ಚೆದ್ದು ನೋಡಿದರು. ಆಂಟಿಯರು ಮೌನವಾದರು. ಅವರಲ್ಲೊಬ್ಬರು ಗುಂಪಿನಲ್ಲಿ "ಅಪ್ಪ ಇಲ್ಲದ ಮಗು, ತಾಯಿಗೆ ಕ್ಲಿನಿಕ್ಕೇ ಹೆಚ್ಚಾಯಿತು" ಎಂದು ಬರೆದರು. ತಾಯಿ ಆ ಗುಂಪನ್ನು ಬಿಟ್ಟರು. ಆ ವಾರವೇ ಯಾರೋ ಗಂಡಸೊಬ್ಬ ಅವಳ ಫೋನಿಗೆ ಅವಳನ್ನು ಏನೇನು ಮಾಡಬೇಕೆಂದು ವಿವರವಾಗಿ ಬರೆದು ಕಳಿಸಿದ. ಅವಳು ಅದನ್ನು ನನಗೆ ತೋರಿಸಿದಳು.

"ನಂಗೆ ಏನನ್ನಾದ್ರೂ ಒಡೀಬೇಕು ಅನ್ಸ್ತಿದೆ ಆಂಟಿ," ಎಂದಳು.

ಒಡೆಯಲು ಒಂದು ಜಾಗವೂ ಸಿಕ್ಕಿತು. ಡೆಟ್ರಾಯಿಟ್‌ನ ನಿರ್ದೇಶಕನೊಬ್ಬ ಅವಳ ಕುಣಿತ ನೋಡಿ ಕರೆ ಕಳಿಸಿದ. ಚೆನ್ನಾಗಿ ಹಾಡುವ ಹುಡುಗಿಯರು ಬೇಕಾದಷ್ಟಿದ್ದಾರೆ, ಹೊಡೆಯುವ ಹುಡುಗಿ ಇಲ್ಲ ಎಂಬುದು ಅವನ ಮಾತು. ಅಲ್ಲಿ ಮುಚ್ಚಿಹೋದ ಕಾರ್ಖಾನೆಯೊಂದರ ಒಳಗೆ ಮೂರನೆಯ ವಿಡಿಯೋ ಆಯಿತು. ಶೂಟಿಂಗಿಗೆ ಮುಂಚೆ ಅವಳು ಮನೆಯಲ್ಲೇ ರಕ್ತ ಮಾಡಿ ಪರೀಕ್ಷಿಸುತ್ತಿದ್ದಳು. ಕಾರ್ನ್ ಸಿರಪ್, ಕೆಂಪು ಬಣ್ಣ, ಚೂರು ಕೋಕೋ ಪುಡಿ. ಕೆಲಸ ಮುಗಿಸಿ ಬಂದ ತಾಯಿ ಸಿಂಕಿನ ತುಂಬ ಕೆಂಪು ನೋಡಿ ಮಗಳ ಎರಡೂ ಮುಂಗೈ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ವಾಸನೆ ಬಡಿಯಿತು. "ಸಕ್ಕರೆ ಪಾಕ!" ಎಂದು ಅಲ್ಲೇ ಕುರ್ಚಿಯಲ್ಲಿ ಕುಸಿದರು.

ಆ ವಿಡಿಯೋದಲ್ಲಿ ಅವಳು ಸುತ್ತಿಗೆ ಎತ್ತಿ ಕಾರೊಂದನ್ನು ಪೂರ್ತಿ ಜಜ್ಜಿದಳು. ಮೊದಲು ಕನ್ನಡಿಗಳು, ಆಮೇಲೆ ಗಾಜು, ಆಮೇಲೆ ಬಾಗಿಲು. ಗಾಜಿನ ಚೂರು ನಿಜವಾಗಿ ಅವಳ ಮೊಣಕೈ ಸೀಳಿತ್ತು. ಹಾಡು ಮುಗಿದ ಮೇಲೂ ಅವಳು ಹೊಡೆಯುತ್ತಲೇ ಇದ್ದಳಂತೆ, ಸುತ್ತಿಗೆ ಕಸಿದುಕೊಳ್ಳಲು ಇಬ್ಬರು ಬೇಕಾದರಂತೆ. ಅದರೊಂದಿಗೆ ಅವಳು ಸ್ಟಾರ್ ಆದಳು. ನೋಡುಗರೂ ಬದಲಾದರು. ಕನ್ನಡದವರೂ ಇಲ್ಲ, ಕಾಲೇಜು ಹುಡುಗಿಯರೂ ಕಡಿಮೆ. ಎಲ್ಲೆಲ್ಲಿಂದಲೋ ಗಂಡಸರು ಬಂದರು, ಒಡೆಯುವುದನ್ನು ನೋಡುವ ಆಸೆ ಇದ್ದವರು. ಅವಳ ಶೋಗಳಿಗೆ ಅಂಗಿಯ ಮೇಲೆ ಕೆಂಪು ಬಣ್ಣ ಎರಚಿಕೊಂಡು ಬರುತ್ತಿದ್ದರು.

ನಾಲ್ಕನೆಯದರ ಯೋಚನೆ ಅವಳದೇ. ಮುಖವಾಡ ಹಾಕಿದ ಗಂಡಸರು ಅವಳನ್ನು ಹೊಡೆಯುತ್ತಾರೆ, ಕೂದಲು ಹಿಡಿದು ಎಳೆಯುತ್ತಾರೆ, ಹೊಟ್ಟೆಗೆ ಒದೆಯುತ್ತಾರೆ. ಕೊನೆಯಲ್ಲಿ ಅವಳು ಎದ್ದು ನಿಂತು ಒಬ್ಬೊಬ್ಬನನ್ನೇ ಕೆಡವುತ್ತಾಳೆ. ಏಟು ತಿಂದ ಹೆಂಗಸರಿಗೆ ಇದರಿಂದ ಧೈರ್ಯ ಬರುತ್ತದೆ ಎಂದು ಅವಳು ನಂಬಿದ್ದಳು. ಒದೆತದ ದೃಶ್ಯವನ್ನು ಮತ್ತೆ ಮತ್ತೆ ತೆಗೆದು, ಅವಳ ಪಕ್ಕೆಲುಬು ಬಿರುಕು ಬಿಟ್ಟಿತ್ತು.

ಬಿಡುಗಡೆಯಾದ ಮಾರನೆಯ ವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ವಿಡಿಯೋದ ಕೆಳಗಿನ ಗೆರೆಯ ಮೇಲೆ, ಜನ ಯಾವ ಭಾಗವನ್ನು ತಿರುತಿರುಗಿ ನೋಡುತ್ತಾರೆಂದು ತೋರಿಸುವ ಒಂದು ಉಬ್ಬು ಇರುತ್ತದಲ್ಲ, ಅದನ್ನು ಬೆರಳಿಟ್ಟು ತೋರಿಸಿದಳು. ಉಬ್ಬು ಇದ್ದದ್ದು ಅವಳು ಏಳುವ ಜಾಗದಲ್ಲಲ್ಲ. ಒದೆಸಿಕೊಳ್ಳುವ ಜಾಗದಲ್ಲಿ.

"ಲುಕ್ ಆಂಟಿ. ನಾನು ಏಳೋದು ಯಾರಿಗೂ ಬೇಡ," ಎಂದಳು.

"ಹಾಗಿದ್ರೆ ನಿಲ್ಲಿಸು ಪುಟ್ಟಿ, ಬೇರೆ ಥರ ಮಾಡು," ಎಂದೆ.

"ಈ ಸಮ್ಮರ್ ಶೋಗಳು ಒಪ್ಕೊಂಡ್ಬಿಟ್ಟಿದೀನಿ. ಅದು ಮುಗೀಲಿ. ಐ ಪ್ರಾಮಿಸ್."

ಆ ಬೇಸಿಗೆಯ ಕೊನೆಯ ಶೋ ಡೆಟ್ರಾಯಿಟ್‌ನ ನದಿ ದಂಡೆಯಲ್ಲಿ, ಹಾಡುಹಗಲು. ವೇದಿಕೆಯ ಹಿಂದಿನ ಪರದೆಯ ಮೇಲಿನ ಚಿತ್ರಗಳನ್ನು ನಾನು ಜೋಡಿಸಿಕೊಟ್ಟಿದ್ದರಿಂದ ಅವಳ ಜೊತೆ ನಾನೂ ಡ್ರೈವ್ ಮಾಡಿಕೊಂಡು ಹೋಗಿದ್ದೆ. ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಬಿಸಿಲು, ನದಿಯಾಚೆ ಕೆನಡಾದ ಕಟ್ಟಡಗಳು, ಬಿಯರ್ ಮತ್ತು ಬೆವರಿನ ನಾತ. ನಾಲ್ಕನೆಯ ವಿಡಿಯೋದ ಹಾಡು ಶುರುವಾಗುತ್ತಿದ್ದಂತೆ ಮುಂದಿನ ಸಾಲಿನಿಂದ ದಪ್ಪ ಗಾಜಿನ ಬಾಟಲಿಯೊಂದು ಹಾರಿಬಂತು.

ಅದು ಅವಳ ಎಡಗಣ್ಣಿಗೂ ಕಣತಲೆಗೂ ನಡುವೆ ಬಡಿಯಿತು. ಮೈಕಿನಲ್ಲಿ ಆ ಸದ್ದು ಎಲ್ಲರಿಗೂ ಕೇಳಿಸಿತು. ಅವಳು ಪಕ್ಕಕ್ಕೆ, ಕೈ ಊರದೆ, ಮರದಂತೆ ಬಿದ್ದಳು. ಹಾಡಿನ ಟ್ರ್ಯಾಕ್ ಮಾತ್ರ ನಿಲ್ಲದೆ ಮುಂದುವರಿಯಿತು. ಒಂದು ಕ್ಷಣ... ಆಮೇಲೆ ಜನ ಕೇಕೆ ಹಾಕಿದರು. ಅವರಿಗೆ ಅದು ಶೋನ ಭಾಗ. ಸಾವಿರಾರು ಫೋನುಗಳು ಮೇಲೆದ್ದವು. ಚಪ್ಪಾಳೆಯ ತಾಳಕ್ಕೆ ಸರಿಯಾಗಿ "ಗೆಟ್ ಅಪ್! ಗೆಟ್ ಅಪ್!" ಎಂದು ಕೂಗತೊಡಗಿದರು.

ನಾನು ಸೌಂಡಿನವರ ಮೇಜಿನ ಬಳಿಯಿಂದ ಓಡಿದೆ. ಜನರ ನಡುವೆ ನುಗ್ಗುತ್ತಿದ್ದಾಗ ಯಾರದೋ ಮೊಣಕೈ ಬಾಯಿಗೆ ಬಿತ್ತು. ಅಷ್ಟರಲ್ಲಿ ಅವಳು ಮಂಡಿಯೂರಿದಳು, ಮತ್ತೆ ಬಿದ್ದಳು, ಮತ್ತೆ ಮಂಡಿಯೂರಿದಳು. ನಿಂತೂ ಬಿಟ್ಟಳು. ಅರ್ಧ ಮುಖ ರಕ್ತ, ಕಣ್ಣಿರಬೇಕಾದ ಜಾಗದಲ್ಲಿ... ಜನ ಕಿವಿ ಕಿತ್ತುಹೋಗುವಂತೆ ಅರಚಿದರು. ಅವಳು ಮೈಕ್ ಎಲ್ಲಿ ಎಂದು ಹುಡುಕುತ್ತಿದ್ದಳು, ಅದು ಅವಳ ಕೈಯಲ್ಲೇ ಇತ್ತು. ಅರ್ಧ ಸಾಲು ಹಾಡಿ ವಾಂತಿ ಮಾಡಿಕೊಂಡು ಕುಸಿದಳು. ಆಗ ಮುಂದಿನ ಸಾಲಿನವರಿಗೆ ಅರ್ಥವಾಯಿತು. ಅರ್ಥವಾದ ಗಳಿಗೆಯಲ್ಲೇ ಬಾಟಲಿ ಎಸೆದವನನ್ನು ಹಿಡಿದು, ಕಬ್ಬಿಣದ ತಡೆಗೆ ಅವನ ಮುಖ ಜಜ್ಜಿದರು. ಅದನ್ನೂ ಚಿತ್ರ ತೆಗೆದರು.

ಆಂಬುಲೆನ್ಸಿನಲ್ಲಿ ನನ್ನ ಕೈ ಹಿಡಿದು ಒಂದೇ ಮಾತು ಹೇಳಿದಳು. "ಅಮ್ಮಂಗೆ ಹೇಳ್ಬೇಡಿ ಆಂಟಿ." ಆದರೆ ತಾಯಿಗೆ ಆಗಲೇ ಗೊತ್ತಾಗಿತ್ತು. ಒಬ್ಬ ಪೇಷೆಂಟಿಗೂ ಇನ್ನೊಬ್ಬ ಪೇಷೆಂಟಿಗೂ ನಡುವೆ ಫೋನ್ ನೋಡಿದಾಗ, ಯಾರೋ ಆ ದೃಶ್ಯವನ್ನು ಮೆಚ್ಚುಗೆಯ ಬೆಂಕಿ ಎಮೋಜಿ ಹಾಕಿ ಕಳಿಸಿದ್ದರು.

ಎಡಗಣ್ಣು ಹೋಯಿತು. ಫಿಟ್ಸ್ ಶುರುವಾಯಿತು. ತಾಯಿ ಕೆಲಸ ಬಿಟ್ಟು ಮನೆಯಲ್ಲೇ ಉಳಿದರು. ಇತ್ತ ನಿರ್ದೇಶಕ, ಅವಳು ರಕ್ತದಲ್ಲಿ ಎದ್ದು ನಿಲ್ಲುವ ದೃಶ್ಯವನ್ನೇ ಹೊಸ ವಿಡಿಯೋ ಮಾಡೋಣವೆಂದು ಕೇಳಿದ. ಅವಳು ಅವನ ಕರೆ ಕಟ್ ಮಾಡಿ, ಕಣ್ಣಿನ ಪಟ್ಟಿಯ ಸಮೇತ ನನ್ನ ಮನೆಗೆ ಬಂದಳು.

"ಆಂಟಿ, ಅವತ್ತು ಎಷ್ಟು ಜನ ಶೂಟ್ ಮಾಡಿ ಹಾಕಿದಾರಲ್ಲ, ಎಲ್ಲಾ ಡೌನ್‌ಲೋಡ್ ಮಾಡಿ. ನನ್ ಮುಖ ಒಂದು ಸೆಕೆಂಡೂ ಬೇಡ. ಅವರ ಮುಖ ಮಾತ್ರ ಕಟ್ ಮಾಡಿ ಕೊಡಿ."

ಐದನೆಯ ವಿಡಿಯೋ ಅದೇ. ಮುಖಗಳು, ಬರೀ ಮುಖಗಳು. ನಗುವವರು, ಹೆಗಲ ಮೇಲೆ ಗೆಳತಿಯನ್ನು ಕೂರಿಸಿಕೊಂಡು ಕೂಗುವವರು, ವೇದಿಕೆಗೆ ಬೆನ್ನು ಮಾಡಿ ಸೆಲ್ಫಿ ತೆಗೆದುಕೊಳ್ಳುವವರು. ಅದರ ಮೇಲೆ, ಯಾವ ವಾದ್ಯವೂ ಇಲ್ಲದೆ, ನಮ್ಮ ಊಟದ ಮೇಜಿನ ಬಳಿ ಕುಳಿತು ಮೆಲ್ಲಗೆ ಹಾಡಿದ ಅವಳ ದನಿ.

ನೋಡಿದವರು ಸಿಡಿದೆದ್ದರು. ತಮ್ಮ ಮುಖ ಕಂಡವರು ಕೋರ್ಟಿಗೆಳೆಯುತ್ತೇವೆಂದರು, ಕಾಣದವರು ಕೊಲ್ಲುತ್ತೇವೆಂದರು. ಅವಳ ಪೋಸ್ಟರುಗಳನ್ನು ಸುಡುವ ವಿಡಿಯೋಗಳು ಬಂದವು. ಒಂದು ಭಾನುವಾರ ಬೆಳಗಿನ ತಿಂಡಿಯ ಹೊತ್ತಿಗೆ ಅವರ ಮನೆಯ ಕಿಟಕಿಯಿಂದ ಇಟ್ಟಿಗೆಯೊಂದು ಒಳಗೆ ಬಿತ್ತು. ತಾಯಿಯ ತಟ್ಟೆಯಲ್ಲಿದ್ದ ದೋಸೆಯ ಮೇಲೆಲ್ಲ ಗಾಜು. ಪೊಲೀಸರು ಬಂದು ಫೋಟೋ ತೆಗೆದುಕೊಂಡು ಹೋದರು. ಅವಳನ್ನು ಹಿಂಬಾಲಿಸುತ್ತಿದ್ದ ಜನಸಾಗರ ಬಂದಷ್ಟೇ ಬೇಗ ಇಳಿದುಹೋಯಿತು.

ಉಳಿದವರು ತೀರ ಕಡಿಮೆ, ಹೆಚ್ಚಿನವರು ಹೆಂಗಸರು. ಅವರಲ್ಲೊಬ್ಬಳು, ನಡುವಯಸ್ಸಿನವಳು, ಇಂಡಿಯಾನಾದಿಂದ ಡ್ರೈವ್ ಮಾಡಿಕೊಂಡು ಮನೆಗೇ ಬಂದಳು. ಅವಳ ಮೂಗು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಹುಡುಗಿ ಬಾಗಿಲು ತೆರೆದು ಒಂದು ಮಾತೂ ಕೇಳದೆ ಅವಳನ್ನು ಗ್ಯಾರೇಜಿನಲ್ಲಿ ಮಡಿಸುವ ಕುರ್ಚಿಯ ಮೇಲೆ ಕೂರಿಸಿದಳು. ಎದುರಿಗೆ ನಿಂತು ಐದನೆಯ ವಿಡಿಯೋದ ಹಾಡನ್ನು ಪೂರ್ತಿ ಹಾಡಿದಳು. ನಾನು ಡ್ರೈವ್‌ವೇಯಲ್ಲಿ ಹಿಮ ಎತ್ತುತ್ತಿದ್ದವಳು ಸಲಿಕೆ ಹಿಡಿದು ನಿಂತೇ ಕೇಳಿದೆ. ನನಗೆ ತಿಳಿದಂತೆ, ಬೇರೆಯವರೆದುರು ಅವಳು ಹಾಡಿದ್ದು ಅದೇ ಕೊನೆ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ತಾಯಿ ಎಬ್ಬಿಸಲು ಹೋದಾಗ ಅವಳು ಏಳಲಿಲ್ಲ. ನಿದ್ದೆಯಲ್ಲೇ ಫಿಟ್ಸ್ ಬಂದು ಪ್ರಾಣ ಹೋಗಿತ್ತು. ನಾನು ಹೋದಾಗ ತಾಯಿ ಮಗಳ ಎದೆಯ ಮೇಲೆ ಎರಡೂ ಅಂಗೈ ಇಟ್ಟು ಇನ್ನೂ ಒತ್ತುತ್ತಿದ್ದರು. ದೇಹ ತಣ್ಣಗಾಗಿ ತುಂಬ ಹೊತ್ತಾಗಿತ್ತು, ಅದು ಡಾಕ್ಟರಾದ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಒತ್ತುತ್ತಿದ್ದರು...

ಬಾಟಲಿ ಎಸೆದವನಿಗೆ ಶಿಕ್ಷೆಯಾಯಿತು. ಹಲ್ಲು ಕಟ್ಟಿಸಿಕೊಂಡ ಬಾಯಲ್ಲಿ ಅವನು ಕೋರ್ಟಿನಲ್ಲಿ, "ಆ ಹಾಡಿನ ವಿಡಿಯೋದಲ್ಲಿ ಅವಳು ಏಳುತ್ತಾಳೆ. ಏಳುತ್ತಾಳೆ ಅಂತಲೇ ಅಂದುಕೊಂಡಿದ್ದೆ" ಎಂದ. ಅವನು ಸುಳ್ಳು ಹೇಳುತ್ತಿದ್ದಂತೆ ನನಗೆ ಕಾಣಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಈ ನವೆಂಬರಿನ ರಾಜ್ಯೋತ್ಸವಕ್ಕೆ ಅವಳ ನೆನಪಿಗೊಂದು ವಿಡಿಯೋ ಮಾಡಿಕೊಡಬೇಕೆಂದು ಇಲ್ಲಿನ ಕನ್ನಡ ಕೂಟದವರು ನನ್ನನ್ನು ಕೇಳಿದರು. ಅಧ್ಯಕ್ಷರು ಹೇಳಿದರು, "ಆ ಹಸಿರು ಸೀರೇದು ಒಂದು ಸಾಕು ಮೇಡಂ. ಮಕ್ಕಳೆಲ್ಲ ಇರ್ತಾರೆ, ಮಿಕ್ಕಿದ್ದು ಬೇಡ."

ಅದನ್ನು ತಾಯಿಗೆ ಹೇಳಿದೆ. ಅವರು ಮೊದಲನೆಯದನ್ನು ಬಿಟ್ಟು ಮಗಳ ಯಾವ ವಿಡಿಯೋವನ್ನೂ ಪೂರ್ತಿ ನೋಡಿರಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಬಂದು ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡರು. "ಹಾಕ್ರೀ, ಎಲ್ಲಾನೂ ನೋಡ್ತೀನಿ," ಎಂದರು. ಸುತ್ತಿಗೆಯ ಪ್ರತಿ ಏಟಿಗೂ ಅವರ ರೆಪ್ಪೆ ಮುಚ್ಚಿಕೊಳ್ಳುತ್ತಿತ್ತು. ಒದೆತದ ಜಾಗ ಬಂದಾಗ ಎದ್ದು, ಪರದೆಯ ಮೇಲೆ ಅಂಗೈ ಇಟ್ಟು, ಮಗಳ ಹೊಟ್ಟೆಯನ್ನು ಮುಚ್ಚಿದರು. ನಾನು ನಿಲ್ಲಿಸಲು ಹೋದೆ. ಬೇಡವೆಂದು ತಲೆಯಾಡಿಸಿದರು. ಐದನೆಯದು ಮುಗಿದ ಮೇಲೆ, ಪರದೆಯ ಮೇಲೆ ಉಳಿದಿದ್ದ ತಮ್ಮ ಅಂಗೈ ಗುರುತನ್ನು ಒರೆಸಿದರು.

"ಸೀರೆ ಉಟ್ಟವಳು ಮಾತ್ರ ನನ್ ಮಗಳಾ? ಎಲ್ಲಾ ಹಾಕ್ರೀ. ಕೊನೇದನ್ನೂ."

ಅಧ್ಯಕ್ಷರು ಎರಡು ದಿನ ಫೋನ್ ಎತ್ತಲಿಲ್ಲ. ಕಡೆಗೆ ಒಪ್ಪಿದರು. ಕಳೆದ ಶನಿವಾರ ಮಧ್ಯಾಹ್ನ, ಹೈಸ್ಕೂಲ್ ಆಡಿಟೋರಿಯಮ್ಮಿನಲ್ಲಿ ಐದೂ ವಿಡಿಯೋಗಳ ತುಣುಕುಗಳನ್ನು ತೋರಿಸಿದೆವು. ಕೆಲವರು ಮಕ್ಕಳನ್ನು ಎಬ್ಬಿಸಿಕೊಂಡು ಹೊರಗೆ ಹೋದರು. ಹೆಚ್ಚಿನವರು ಕುಳಿತಿದ್ದರು. ದೀಪ ಹತ್ತಿದ ಮೇಲೆ ಯಾರಿಗೂ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ. ಎಂದೋ ವಾಟ್ಸಾಪ್ ಗುಂಪಿನಲ್ಲಿ "ಅಪ್ಪ ಇಲ್ಲದ ಮಗು" ಎಂದು ಬರೆದಿದ್ದ ಆಂಟಿ ತಾಯಿಯ ಹತ್ತಿರ ಬಂದು ನಿಂತರು. ತಾಯಿ ಅವರ ತೋಳನ್ನೊಮ್ಮೆ ಮುಟ್ಟಿ ಮುಂದೆ ನಡೆದರು.

ನನ್ನ ಕಾರಿನಲ್ಲೇ ಮನೆಗೆ ಹೊರಟೆವು. ನಾಲ್ಕೂವರೆಗೇ ಕತ್ತಲಾಗುವ ಕಾಲ. ಹೈವೇಯಿಂದ ನಮ್ಮ ಎಕ್ಸಿಟ್‌ನಲ್ಲಿ ಇಳಿದು ಸಿಗ್ನಲ್ಲಿಗೆ ನಿಂತಾಗ, ಅಲ್ಲಿಯವರೆಗೆ ಕಿಟಕಿಯಾಚೆ ನೋಡುತ್ತಿದ್ದ ತಾಯಿ ನನ್ನ ಕಡೆ ತಿರುಗಿದರು.

"ಚೆನ್ನಾಗಿ ಹಾಡ್ತಿದ್ಲು, ಅಲ್ವೇನ್ರೀ?"

ಅವಳ ಸೀರೆಯ ಬಗ್ಗೆ, ಜಾಕೆಟ್ಟಿನ ಬಗ್ಗೆ, ಸುತ್ತಿಗೆಯ ಬಗ್ಗೆ, ರಕ್ತದ ಬಗ್ಗೆ ಇಷ್ಟು ವರ್ಷ ಎಷ್ಟೊಂದು ಜನ ಎಷ್ಟೊಂದು ಮಾತಾಡಿದ್ದರು. ಈ ಮಾತನ್ನು ಯಾರ ಬಾಯಲ್ಲಾದರೂ ಕೇಳಿದ್ದೆನೇ ಎಂದು ನೆನೆಸಿಕೊಳ್ಳಲು ನೋಡಿದೆ... ನೆನಪಾಗಲಿಲ್ಲ.

"ತುಂಬಾ ಚೆನ್ನಾಗಿ," ಎಂದೆ.

ಸಿಗ್ನಲ್ ಹಸಿರಾಯಿತು. ಹಿಂದಿನ ಕಾರಿನವನು ಹಾರ್ನ್ ಹೊಡೆಯುವವರೆಗೂ ನಾವಿಬ್ಬರೂ ಅಲ್ಲೇ ಇದ್ದೆವು.