ಪಾಳಿಯಲ್ಲಿ ಬಿಟ್ಟುಬಂದ ಕೊಡ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಸೋತದ್ದು ಕಡಿಮೆ. ಗೆದ್ದ ಶೀಲ್ಡುಗಳು ಬೀದರದ ಮೈಲೂರಿನ ನಮ್ಮ ಮನೆಯ ಕಪಾಟಿನ ಮೇಲೆ ಈಗಲೂ ಇವೆ. ಅವನ್ನು ಇಳಿಸಿಬಿಡು ಎಂದು ಅವ್ವನಿಗೆ ಹೇಳಿದ್ದೇನೆ. ಯಾಕೆಂದು ಹೇಳಿಲ್ಲ.

ಅದು ಬರದ ವರ್ಷ. ಒಂದು ಸಂಸ್ಥೆಯಲ್ಲಿ ನೀರಿನ ಯೋಜನೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೆ. ಭಾಲ್ಕಿಯಿಂದ ಔರಾದದ ಕಡೆ ಹೋಗುವ ದಾರಿಯ ಒಂದು ಊರಲ್ಲಿ ಟ್ಯಾಂಕರ್ ನೀರು ಹಿಡಿದಿಡಲು ನಳ ಹಚ್ಚಿದ ದೊಡ್ಡ ಟಾಕಿ ಕೂಡಿಸಬೇಕಿತ್ತು. ಎಲ್ಲಿ ಕೂಡಿಸಬೇಕೆಂದು ಬಳಸುವವರನ್ನೇ ಕೇಳಬೇಕು ಎಂಬುದು ನಿಯಮ. ಕೇಳಿದೆವು, ಪಂಚಾಯ್ತಿ ಮುಂದೆ, ಬೆಳಗಿನ ಹತ್ತಕ್ಕೆ. ಟ್ಯಾಂಕರ್ ಬರುವುದೂ ಅದೇ ಹೊತ್ತಿಗೆ ಎಂದು ನಮಗೆ ಯಾರೂ ಹೇಳಲಿಲ್ಲ. ನಾವು ಕೇಳಿರಲೂ ಇಲ್ಲ. ಹೀಗಾಗಿ ನೀರು ಹೊರುವವರೆಲ್ಲ ಟ್ಯಾಂಕರಿನ ಪಾಳಿಯಲ್ಲಿ, ಆ ನೀರು ಕುಡಿಯುವ ಗಂಡಸರೆಲ್ಲ ಸಭೆಯಲ್ಲಿ. ಟಾಕಿ ಪಂಚಾಯ್ತಿ ಮುಂದೆಯೇ ಇರಲಿ ಎಂದರು ಅವರು.

ಹೆಂಗಸರಲ್ಲಿ ಬಂದವಳು ಒಬ್ಬಳೇ, ಐವತ್ತು ದಾಟಿದವಳು. ಕೊಡವನ್ನು ಪಾಳಿಯಲ್ಲಿಟ್ಟು ಬಂದಿದ್ದಳು. ಆ ಊರಲ್ಲಿ ಆಳಿನ ಬದಲು ಕೊಡ ನಿಲ್ಲುತ್ತದೆ. ಆದರೆ ಟ್ಯಾಂಕರ್ ಬಂದಾಗ ಆಳು ಇರದಿದ್ದರೆ ಕೊಡವನ್ನು ಬದಿಗೆ ಸರಿಸುತ್ತಾರೆ.

"ಟಾಕಿ ನಮ್ಮ ಓಣಿ ತುದಿಗಿ ಇಡ್ರಿ ಸಾಹೇಬ್ರ," ಎಂದಳು. "ಇಲ್ಲಿಂದ ದಿನ್ನಿ ಏರಿ ಎಮ್ಮಿಗಿ ನೀರು ಹೊರೂದು ನನ್ ಕೈಲಿ ಆಗಲ್ರಿ. ಎಮ್ಮಿ ಹೋತಂದ್ರ ನಾನೂ ಮಗನ ಬೆನ್ನ ಹತ್ತಿ ಹೈದ್ರಾಬಾದಿಗಿ ಇಟ್ಟಂಗಿ ಹೊರಲಾಕ ಹೋಗಬೇಕಾಗ್ತದ."

"ನಿಮ್ಮ ಓಣ್ಯಾಗ ಟ್ಯಾಂಕರ್ ಹಿಡಿಯಂಗಿಲ್ಲಲ್ಲ, ಯವ್ವಾ?" ಎಂದೆ.

"ರಿವರ್ಸ್ ತರ್ತಾನ್ರಿ. ಡ್ರೈವರ್ಗ ಕೇಳ್ರಿ."

ಕೇಳುವುದೇನು, ಓಣಿಯನ್ನು ನಾನೇ ಕಣ್ಣಾರೆ ನೋಡಿದ್ದೆನಲ್ಲ. ಅಷ್ಟರಲ್ಲಿ ಹಾರ್ನ್ ಕೇಳಿಸಿತು. ಅವಳ ಕುತ್ತಿಗೆ ಆ ಕಡೆ ತಿರುಗಿತು.

"ಒಂದ್ ನಿಮಿಷ ನಿಂದರ್ರಿ, ಮಾತು ಮುಗಸ್ತೇನಿ," ಎಂದೆ. ನಿಂತಳು. ಸಾಹೇಬ ಮಾತಾಡುವಾಗ ಹೊರಟುಹೋಗುವುದು ಹೇಗೆ? "ನಿಮ್ಮ ಒಂದ್ ಎಮ್ಮಿ ದೊಡ್ಡದೋ, ಇಡೀ ಊರು ದೊಡ್ಡದೋ? ನೀವೇ ಹೇಳ್ರಿ."

"ಎಮ್ಮಿನೇ ಚೇರ್ಮನ್ ಮಾಡ್ರಿ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಸಭೆ ನಕ್ಕು ಚಪ್ಪಾಳೆ ತಟ್ಟಿತು. ಎಮ್ಮೆಗೂ ಊರಿಗೂ ಜಗಳವೇ ಇರಲಿಲ್ಲ, ಹುಟ್ಟಿಸಿದವನು ನಾನು. ಸ್ಪರ್ಧೆಯಲ್ಲಿ ಎದುರಾಳಿ ಇಂಥ ಪ್ರಶ್ನೆ ಎಸೆದಿದ್ದರೆ ಎರಡು ವಾಕ್ಯದಲ್ಲಿ ಹರಿದು ಹಾಕುತ್ತಿದ್ದೆ.

"ಆತ್ರಿ," ಎಂದು ಒಪ್ಪಿಗೆಯ ಹಾಳೆಗೆ ಹೆಬ್ಬೆಟ್ಟು ಒತ್ತಿ ಹೋದಳು. ಊಟಕ್ಕೆಂದು ನಾವು ಎದ್ದಾಗ ಟ್ಯಾಂಕರ್ ಖಾಲಿ. ಅವಳ ಕೊಡ ಗೋಡೆಗೆ ಒರಗಿ ಒಣಗಿಯೇ ಇತ್ತು. ಅದನ್ನು ಎತ್ತಿ ಬಗಲಿಗಿಟ್ಟುಕೊಂಡಳು, ನಮ್ಮ ಕಡೆ ನೋಡಲಿಲ್ಲ.

ಟಾಕಿ ಪಂಚಾಯ್ತಿ ಮುಂದೆಯೇ ಕೂತಿತು. ಅವಳು ಕೈಯೆತ್ತಿ ಮಾತಾಡುತ್ತಿದ್ದ ಫೋಟೋ ನಮ್ಮ ವರದಿಯ ಮುಖಪುಟಕ್ಕೆ ಹೋಯಿತು. 'ಬಳಕೆದಾರರ ಸಕ್ರಿಯ ಪಾಲ್ಗೊಳ್ಳುವಿಕೆ' ಎಂದು ಅಡಿಬರಹ ಬರೆದವನೂ ನಾನೇ.

ತಿಂಗಳೆರಡು ಕಳೆದ ಮೇಲೆ ಚಹಾದಂಗಡಿಯಲ್ಲಿ ಆ ಡ್ರೈವರ್ ಸಿಕ್ಕ. ಕೇಳಿದೆ. "ಹೋದ ವರ್ಷೆಲ್ಲ ಆ ಓಣಿಗಿ ರಿವರ್ಸೇ ಹೋಗೀನಲ್ರಿ. ನನಗ್ಯಾರು ಕೇಳ್ಯಾರ?" ಎಂದ. ಆಫೀಸಿಗೆ ಬಂದು ಟಾಕಿ ಸರಿಸೋಣ ಎಂದು ವಾದಿಸಿದೆ. "ಊರವರ ಒಪ್ಪಿಗಿ ಫೈಲಿನಾಗ ಅದ. ನೀನೇ ತಂದಿದ್ದಿ," ಎಂದರು ಹಿರಿಯರು. ಆ ಹೆಬ್ಬೆಟ್ಟಿನ ಎದುರು ನನ್ನ ಯಾವ ವಾದವೂ ನಿಲ್ಲಲಿಲ್ಲ.

ಬೇಸಿಗೆ ಏರಿದಾಗ ಭಾಲ್ಕಿ ಸ್ಟೇಷನ್ನಿನಲ್ಲಿ ಅವಳನ್ನು ಕಂಡೆ. ಗಂಟು, ಮೇಲೆ ಅದೇ ಕೊಡ.

"ಏನ್ ತಮ್ಮಾ, ಇಲ್ಲೂ ಮೀಟಿಂಗ್ ಅದ ಏನು?"

"ಎಮ್ಮಿ?"

"ಮಾರಿದೆ."

"ನೀವು ಹೇಳಿದ್ದು ಖರೇ ಇತ್ತು, ಯವ್ವಾ. ಡ್ರೈವರ್ ಹೇಳಿದ."

"ನಾ ಅವತ್ತೇ ಹೇಳಿದ್ನಲ್ಲಪಾ," ಎಂದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡಲು ನನಗೆ ಬರುತ್ತಿತ್ತು.

ರೈಲು ಬಂತು. ಗಂಟು ಎತ್ತಿ ಕೊಟ್ಟೆ. ಕೊಡಕ್ಕೂ ಕೈ ಹಾಕಿದೆ.

"ಬ್ಯಾಡ, ಅದು ನನ್ ಕಡೆನೇ ಇರ್ಲಿ," ಎಂದು ಎದೆಗೆ ಅವುಚಿಕೊಂಡು ಜನರ ನಡುವೆ ನುಗ್ಗಿ ಹತ್ತಿದಳು.