ಅವ್ವ ಕಟ್ಟಿದ ಎರಡು ಗಂಟು

ಲಗ್ನ ಆಗಿ ಗಂಡನ ಮನಿಗೆ ಹೋಗೋ ಮಗಳಿಗೆ ಉಡಿ ತುಂಬ್ತಾರ, ಅದು ಎಲ್ಲಾರಿಗೂ ಗೊತ್ತಿದ್ದದ್ದೇ. ಓದಾಕ ಹೋಗೋ ಮಗಳಿಗೆ ಉಡಿ ತುಂಬಿದಾಕಿ ನಮ್ಮ ಅರಕೇರಾದಾಗ ನಮ್ಮವ್ವ ಒಬ್ಬಾಕೀನ. ಓಣಿಯವರು ನಕ್ರು. "ಗಂಡ ಇಲ್ಲ, ಅತ್ತಿಮನಿ ಇಲ್ಲ, ಯಾತರ ಉಡಿ ಬೇ ಇದು?" ಅಂತ ಎದುರುಮನಿ ಚಿಗವ್ವ ಕಾಡಿದ್ಲು. ನಮ್ಮವ್ವ ಬಿಡೋ ಪೈಕಿ ಅಲ್ಲ. "ಆರು ತಿಂಗಳು ಸಮುದ್ರ ದಾಟಿ ಹೊಂಟಾಳ. ಬರೇ ಉಡಿಲೆ ಕಳಸ್ಲೇನು?" ಅಂದ್ಲು.

ನಾನು ಆಗ ರಾಯಚೂರಿನಾಗ ಸಸ್ಯಶಾಸ್ತ್ರದ ಎಂ.ಎಸ್ಸಿ. ಓದ್ತಿದ್ದೆ. ನಮ್ಮ ವಿಭಾಗಕ್ಕೂ ಹೊರದೇಶಕ್ಕೂ ಯಾವ ಸಂಬಂಧವೂ ಇದ್ದಿಲ್ಲ. ಹಂಗ ಹೋಗೋರು ಹೊರಗಿನ ಏಜೆನ್ಸಿ ಹಿಡಿದು ಹೋಗಬೇಕು. ಹೈದರಾಬಾದಿನ ಒಂದು ಏಜೆನ್ಸಿ ಆಸ್ಟ್ರೇಲಿಯಾದ ವಿಶ್ವವಿದ್ಯಾಲಯದಾಗ ಒಂದು ಸೆಮಿಸ್ಟರ್ ಕೊಡಿಸ್ತು. ಅಲ್ಲಿಯ ಅಂಕ ಇಲ್ಲಿ ಹಿಡೀತೀವಿ ಅಂತ ನಮ್ಮ ವಿಭಾಗದ ಮುಖ್ಯಸ್ಥರ ಸಹಿ ಬೇಕಾಗಿತ್ತು. ಆ ಸಹಿಗೆ ನಾ ಹನ್ನೊಂದು ಸಲ ಅವರ ಬಾಗಿಲಾಗ ನಿಂತೀನಿ. ಅಲ್ಲಿ ನನಗ ಸಿಕ್ಕಿದ್ದು ಜೋಳದ ಬೀಜದ ಲ್ಯಾಬ್. "ಜ್ವಾಳ ನೋಡಾಕ ಅಷ್ಟು ದೂರ ಹೋಗಬೇಕೇನ? ಹೊಲಕ್ಕ ಬಾ, ತೋರಸ್ತೀನಿ" ಅಂತ ಅಪ್ಪ ನಗ್ತಿದ್ದ.

ಹೊರಡೋ ದಿನ ಅವ್ವ ಮಣಿ ಮ್ಯಾಲ ಕುಂದ್ರಿಸಿ, ಅರಿಷಿಣ ಕುಂಕುಮ ಹಚ್ಚಿ, ಓಡ್ನಿ ಸೆರಗಿನಾಗ ಅಕ್ಕಿ, ಒಣಕೊಬ್ಬರಿ, ಉತ್ತತ್ತಿ, ಅಡಕಿ, ಅರಿಷಿಣ ಕೊಂಬು ಹಾಕಿದ್ಲು. ಮಾನ್ವಿಯಿಂದ ಬಂದಿದ್ದ ಅಕ್ಕ ಒಂದು ಕುಬಸದ ಖಣ ಇಟ್ಟಳು. ಎಲ್ಲಾ ಒಂದು ಬಿಳಿ ಅರಿಬ್ಯಾಗ ಗಂಟು ಕಟ್ಟಿ ಕೊಟ್ಟು ಅವ್ವ ಹೇಳಿದ್ದು ಇಷ್ಟ: "ಹೋದಲ್ಲಿ ಮೊದಲ ಅನ್ನ ಇದರದೇ ಮಾಡಬೇಕು ನೋಡು. ಮರೀಬ್ಯಾಡ."

ಬೀಜ, ಬೇರು, ಕಾಳು ಒಯ್ಯಬಾರದು ಅಂತ ಏಜೆನ್ಸಿ ಚೀಟಿ ಕೊಟ್ಟಿತ್ತು. ನಾ ಓದಿದ್ದೆ. ಅವ್ವಗ ಹೇಳಾಕ ಬಾಯಿ ಬರಲಿಲ್ಲ. ನೋಡೋಣ ಅಂದಕೊಂಡು ಗಂಟು ಬ್ಯಾಗಿನಾಗ ಇಟ್ಟೆ.

ಹೈದರಾಬಾದಿನ ಆಫೀಸಿನಾಗ ವಿಮಾನಕ್ಕಿಂತ ಮೊದಲ ಎಲ್ಲಾರ ಬ್ಯಾಗ್ ಬಿಚ್ಚಿಸಿ ನೋಡಿದ್ರು. ನನ್ನ ಕೂಡ ಹೊಂಟ ಇನ್ನಾ ಐದು ಮಂದಿ ದೊಡ್ಡ ಊರಿನವರು. ಏಜೆನ್ಸಿ ಮೇಡಂ ಗಂಟು ಬಿಚ್ಚಿ, "ಬೀಜದ ಲ್ಯಾಬಿಗೆ ಹೋಗೋ ಹುಡುಗಿ ನೀನು, ನಿನಗೇ ಗೊತ್ತಿಲ್ವಾ?" ಅಂದ್ರು. ಆ ಐದೂ ಮಂದಿ ಹೊಳ್ಳಿ ನೋಡಿದ್ರು. ಗಿರಣಿ ಅಕ್ಕಿ ಮೊಳಿಯಂಗಿಲ್ಲ, ಕುದಿಸಿ ಒಣಗಿಸಿದ ಅರಿಷಿಣ ಕೊಂಬೂ ಮೊಳಿಯಂಗಿಲ್ಲ ಅಂತ ನನಗ ಗೊತ್ತಿತ್ತು. ಇದು ನಮ್ಮ ಕಡೆ ಉಡಿ ಅಂತ ಹೇಳಬಹುದಿತ್ತು. ನಾನೇನು ಮಾಡಿದೆ? ನಕ್ಕೆ. "ನಮ್ಮವ್ವಗ ಏನೂ ತಿಳಿಯಂಗಿಲ್ಲ ಮೇಡಂ" ಅಂದೆ. ಕೊರಿಯರ್ ಮಾಡಿ ಊರಿಗೆ ಕಳಸ್ತೀವಿ ಅಂತ ಅವರೇ ಅಂದ್ರು ಪಾಪ. ಬ್ಯಾಡ ಬಿಡ್ರಿ ಅಂತ ಹೇಳಿ ನನ್ನ ಕೈಲೇ ಕಸದ ಬುಟ್ಟ್ಯಾಗ ಹಾಕಿದೆ. ಖಣ ಒಂದು ಇಟ್ಟಕೊಂಡೆ.

ಅಲ್ಲಿ ಮುಟ್ಟಿದ ಮರುದಿನನೇ ಅವ್ವನ ವಿಡಿಯೋ ಕಾಲ್. "ಅನ್ನ ಮಾಡಿದೇನ?"

"ಮಾಡಿದೆ ಬೇ."

"ಹೆಂಗಿತ್ತು?"

"ಮನ್ಯಾಗ ಉಂಡಂಗ ಆತು."

ಆಕಿ ಮಾರಿ ಹಿಗ್ಗಿದ್ದು ಏನು ಹೇಳ್ಲಿ! ಫೋನ್ ಚಿಗವ್ವನ ಕಡೆ ತಿರುಗಿಸಿ, "ಕೇಳಿದೇನ? ನಕ್ಕಿದ್ದಿಯಲ್ಲ ನೀನು!" ಅಂದ್ಲು. ಆಮ್ಯಾಲ ಅಡಕಿ, ಕೊಂಬು ಎಲ್ಲಿ ಇಟ್ಟೀ, ತೋರಸು ಅಂದ್ಲು. ನೆಟ್‌ವರ್ಕ್ ಇಲ್ಲ ಅಂತ ಹೇಳಿ ಕಟ್ ಮಾಡಿದೆ.

ಲ್ಯಾಬಿನಾಗ ದಿನಾ ಜೋಳದ ಕಾಳು ಎಣಿಸಿ ಒದ್ದಿ ಕಾಗದದ ಮ್ಯಾಲ ಇಡೋದು, ಎಷ್ಟು ಮೊಳತಾವು ಅಂತ ಬರಿಯೋದು ನನ್ನ ಕೆಲಸ. ಒಂದು ಕಾಳು ಕೆಳಗ ಬಿದ್ರೂ ಹುಡುಕಿ ತಗೀಬೇಕು, ಲೆಕ್ಕ ಒಪ್ಪಿಸಬೇಕು. ಕಾಳು ಹುಡುಕುವಾಗೆಲ್ಲಾ ಆ ಬುಟ್ಟಿ ನೆನಪಾಗಿ ನನಗ ನನ್ನ ಮ್ಯಾಲೇ ಸಿಟ್ಟು ಬರ್ತಿತ್ತು. ಊರಿಗೆ ಹೋದ ಕೂಡಲೇ ಅವ್ವನ ಮುಂದ ಕುಂತು ಖರೇ ಹೇಳಿಬಿಡಬೇಕು, ಬೈದ್ರ ಬೈಸಿಕೊಬೇಕು ಅಂತ ಗಟ್ಟಿ ಮಾಡಿಕೊಂಡೆ. ಹೆಂಗ ಹೇಳಬೇಕು ಅಂತ ಬಸ್ಸಿನಾಗ ಒಬ್ಬಾಕೀನ ಬಾಯಾಗ ಅಂದಕೊಂತ ಹೋಗ್ತಿದ್ದೆ.

ಊರಿಗೆ ಬರಾಕ ಇನ್ನ ಐದು ವಾರ ಇತ್ತು. ಒಂದು ಮಧ್ಯಾಹ್ನ ಲ್ಯಾಬಿಗೆ ಅಕ್ಕನ ಫೋನ್ ಬಂತು. ಅವ್ವಗ ಎದಿ ನೋವು ಬಂತು, ದೇವದುರ್ಗಕ್ಕ ಒಯ್ದಿವಿ, ಅಲ್ಲಿ ಡಾಕ್ಟರು ರಾಯಚೂರಿಗೆ ಒಯ್ರಿ ಅಂದ್ರು, ಹಾದ್ಯಾಗ ಹೋಗಿಬಿಟ್ಲು ಅಂದ್ಲು. ನಾ ಕೈಯಾಗಿನ ಚಿಮಟ ಹಿಡಕೊಂಡೇ ನಿಂತಿದ್ದೆ. ಏಜೆನ್ಸಿಯವರಿಗೆ ಫೋನ್ ಮಾಡಿದೆ. ಈಗ ಹೋದ್ರ ಸೆಮಿಸ್ಟರ್ ಹಿಡಿಯಂಗಿಲ್ಲ, ವಿಚಾರ ಮಾಡು ಅಂದ್ರು. ಅಕ್ಕ, "ಬಂದು ಏನು ಮಾಡ್ತೀ? ಸಂಜಿಗೇ ಮಣ್ಣು ಮಾಡ್ತಾರ" ಅಂತ ಅತ್ತಳು. ನಾ ಹೋಗಲಿಲ್ಲ.

ಪರೀಕ್ಷೆ ಬರದು, ಅಂಕಪಟ್ಟಿ ಹಿಡಕೊಂಡು ಊರಿಗೆ ಬಂದೆ. ವಿಭಾಗದಾಗ ಎಲ್ಲಾ ಅಂಕ ಹಿಡಿದ್ರು. ಮನ್ಯಾಗ ಅವ್ವ ಹೊದಿತಿದ್ದ ಕೌದಿ ಮಡಚಿ ಇಟ್ಟಿದ್ರು. ಅಕ್ಕನ ಮುಂದ ಕುಂತು, ಅವ್ವಗ ಹೇಳಬೇಕಾದ್ದು ಅಕ್ಕಗ ಹೇಳಿದೆ. ಬುಟ್ಟಿ, ನಗಿ, ಸುಳ್ಳು, ಎಲ್ಲಾ.

ಅಕ್ಕಗ ಸಿಟ್ಟು ಬಂತು. "ಒಯ್ಯಂಗಿಲ್ಲ ಅಂತ ಒಂದು ಮಾತು ಹೇಳಿದ್ರ ಆಕಿ ಬರೇ ಕುಂಕುಮ ಹಚ್ಚಿ ಕಳಸ್ತಿದ್ಲಲ್ಲ! ಇಷ್ಟು ಓದಿದಾಕಿ, ಅಷ್ಟು ಹೇಳಾಕ ಬರಲಿಲ್ಲೇನ ನಿನಗ?" ಅಂದ್ಲು. ಆಮ್ಯಾಲ ತಾನೇ ಹೇಳಿದ್ಲು. ಅವ್ವ ಮುತ್ತೈದಿ ಸತ್ತಾಳ ಅಂತ ಹಸಿರು ಸೀರಿ ಉಡಿಸಿ ಉಡಿ ತುಂಬಬೇಕಾದಾಗ, ಅಕ್ಕಿ ಡಬ್ಬ್ಯಾಗ ಒಂದು ಬಿಳಿ ಗಂಟು ಸಿಕ್ಕಿತಂತ. ನಾ ತಿರುಗಿ ಬಂದ ದಿನ ನನಗ ಉಡಿ ತುಂಬಾಕ ಅಂತ ಅವ್ವ ಮೊದಲೇ ಕಟ್ಟಿ ಇಟ್ಟಿದ್ದು.

"ನಿನ್ನ ಹೆಸರು ಹೇಳಿ ಆ ಅಕ್ಕಿನ ಆಕಿ ಉಡ್ಯಾಗ ಹಾಕಿದೆ" ಅಂದ್ಲು ಅಕ್ಕ.

ಅವ್ವ ಎರಡು ಗಂಟು ಕಟ್ಟಿದ್ಲು. ಒಂದು ಆಕಿ ಕೂಡ ಮಣ್ಣಿಗೆ ಹೋತು. ಇನ್ನೊಂದು ನಾ ನಕ್ಕೊಂತ ಬುಟ್ಟ್ಯಾಗ ಹಾಕಿದೆ.